ಹಾಲಿನ ವಿಷವನ್ನು ಬೆಳಕು ಗುರುತಿಸುವ ಬಗೆ

2008ರಲ್ಲಿ ಚೀನಾ ದೇಶದಲ್ಲಿ ಕಲಬೆರಕೆಯ ಹಾಲಿನ ಪುಡಿಯಿಂದ ಸುಮಾರು 3 ಲಕ್ಷ ಶಿಶುಗಳು ಅಸ್ವಸ್ಥವಾದವು. ಅನೇಕ ಮಕ್ಕಳ ಮೂತ್ರಪಿಂಡಗಳಲ್ಲಿ ಕಲ್ಲುಗಳುಂಟಾದವು. 6 ಕೂಸುಗಳು ಅಸುನೀಗಿದವು. ಹಾಲಿಗೆ ನೀರು ಬೆರೆಸಿದವರು ಆ ಕೊರತೆಯನ್ನು ಮರೆಮಾಚಲು ಪ್ಲಾಸ್ಟಿಕ್ ತಯಾರಿಕೆಯ ಮೆಲಮೈನನ್ನು ಸೇರಿಸಿದ್ದರು. ವಾಡಿಕೆಯ ಪರೀಕ್ಷೆಯು ಸಾರಜನಕವನ್ನು ಅಳೆದು ಪ್ರೋಟೀನನ್ನು ಲೆಕ್ಕಹಾಕುತ್ತದೆ. ಮೆಲಮೈನಿನಲ್ಲಿ ಸಾರಜನಕವು ಹೇರಳವಾಗಿರುವುದರಿಂದ ಪರೀಕ್ಷೆಯೇ ಮೋಸಹೋಯಿತು.

ವಸ್ತುವನ್ನು ನೇರವಾಗಿ ಗುರುತಿಸುವ ದಾರಿಯನ್ನು ಸರ್ ಸಿ.ವಿ. ರಾಮನ್ನರು 1928ರಲ್ಲಿಯೇ ಕಲ್ಕತ್ತೆಯಲ್ಲಿ ತೆರೆದಿದ್ದರು. ಅಣುವಿಗೆ ತಾಗಿ ಚದುರುವ ಬೆಳಕಿನಲ್ಲಿ ಅತ್ಯಲ್ಪ ಪಾಲು ತನ್ನ ಬಣ್ಣವನ್ನು ಬದಲಿಸಿಕೊಳ್ಳುತ್ತದೆ. ಈ ಬದಲಾವಣೆ ಒಂದೊಂದು ವಸ್ತುವಿಗೆ ಒಂದೊಂದು ಬಗೆ; ಹೆಬ್ಬೆರಳಿನ ಗುರುತಿನಂತೆ. ಆದರೆ ಆ ಪಾಲು ಸುಮಾರು ಕೋಟಿಗೊಂದು ಮಾತ್ರ. ಹಾಲಿನಲ್ಲಡಗಿದ ಲೇಶಮಾತ್ರ ವಿಷವನ್ನು ಅಷ್ಟು ಕ್ಷೀಣವಾದ ಬೆಳಕಿನಲ್ಲಿ ಕಾಣುವುದೆಂತು?

ಇಲ್ಲಿ ನಮಗೆ ದೀಪದ ಬಳಿ ಸುಳಿಯುವ ಪತಂಗದ ನೆನಪಾಗುತ್ತದೆ. 1960ರ ದಶಕದಲ್ಲಿ ಸ್ವೀಡನ್ನಿನ ಬರ್ನ್‌ಹಾರ್ಡ್ ಮತ್ತು ಸಂಗಡಿಗರು ಅದರ ಕಣ್ಣಿನ ಹೊರಮೈಯಲ್ಲಿ ಸಾಲುಸಾಲಾದ ಸೂಕ್ಷ್ಮ ಉಬ್ಬುಗಳನ್ನು ಕಂಡರು. ಅವುಗಳ ಎತ್ತರ ಸುಮಾರು 200 ನ್ಯಾನೋಮೀಟರ್, ಅಂದರೆ ತಲೆಗೂದಲಿನ ದಪ್ಪದ ನಾನೂರನೆಯ ಒಂದು ಪಾಲು. ಗಾಳಿಯಿಂದ ಗಾಜಿಗೆ ಥಟ್ಟನೆ ಹೊಕ್ಕ ಬೆಳಕಿನಲ್ಲಿ ಸ್ವಲ್ಪ ಹಿಂದಿರುಗುತ್ತದೆ. ಕನ್ನಡಕದಲ್ಲಿ ಕಿಟಕಿಯ ಬಿಂಬ ಕಾಣುವುದು ಇದರಿಂದಲೇ. ಉಬ್ಬುಗಳಿದ್ದಲ್ಲಿ ಬೆಳಕಿಗೆ ಅಂತಹ ಗೋಡೆ ಎದುರಾಗುವುದಿಲ್ಲ, ಇಳಿಜಾರಿನಲ್ಲಿ ಜಾರಿದಂತೆ ಒಳಸೇರುತ್ತದೆ. ನಯಗೊಳಿಸಿದ ಸಿಲಿಕಾನ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಮೂರರಲ್ಲೊಂದು ಪಾಲನ್ನು ಮರಳಿಸುತ್ತದೆ. ಅದರ ಮೇಲೆ ಇಂತಹ ಸೂಜಿಮೊನೆಗಳನ್ನು ಕೊರೆದರೆ ಕಾಡಿಗೆಯಂತೆ ಕಪ್ಪಾಗುತ್ತದೆ.

ಆ ಮೊನೆಗಳಿಗೆ ಬೆಳ್ಳಿಯ ಅಥವಾ ಚಿನ್ನದ ತೆಳುಲೇಪನವನ್ನು ಕೊಟ್ಟಾಗ, ಒಳಹೊಕ್ಕ ಬೆಳಕು ಲೋಹದ ಸಂದುಗಳಲ್ಲಿ ಸಾಂದ್ರವಾಗುತ್ತದೆ. ಅಲ್ಲಿ ಕುಳಿತ ಅಣುವಿನ ಗುರುತು ಲಕ್ಷಾಂತರ ಪಟ್ಟು ಪ್ರಬಲವಾಗುತ್ತದೆ. ಒರಟಾದ ಬೆಳ್ಳಿಗೆ ಈ ಗುಣವಿರುವುದು 1970ರ ದಶಕದಿಂದಲೇ ತಿಳಿದಿತ್ತು. ಇಂತಹ ಲೋಹದ ಮೈಗಳ ಮೇಲೆ ಸಂಶೋಧಕರು ಹಾಲಿನ ಮೆಲಮೈನನ್ನು ಗುರುತಿಸಿ ತೋರಿಸಿದ್ದಾರೆ.

ಆದರೆ ಹಾಲಾಗಲಿ ರಕ್ತವಾಗಲಿ ಒಂದೇ ವಸ್ತುವಲ್ಲ. ಕೊಬ್ಬು, ಪ್ರೋಟೀನುಗಳು ಮೊದಲೇ ಬಂದು ಆ ಸಂದುಗಳನ್ನು ಮುಚ್ಚಿಬಿಡುತ್ತವೆ. ಒಂದು ಫಲಕದ ಅಳತೆ ಇನ್ನೊಂದರ ಅಳತೆಗೆ ಹೊಂದದಿರುವುದೂ ಉಂಟು. ಆದುದರಿಂದ ಒಂದು ಹನಿ ರಕ್ತವನ್ನು ಬೆಳಕಿಗೆ ಹಿಡಿದು ಸಕಲ ರೋಗಗಳನ್ನೂ ಹೇಳುತ್ತೇವೆಂಬ ಜಾಹೀರಾತನ್ನು ಕಂಡ ಭಕ್ತರು ವೈದ್ಯರು ಬರೆದುಕೊಟ್ಟ ರಕ್ತಪರೀಕ್ಷೆಯನ್ನು ಬಿಡಬಾರದೆಂದು ನಾವು ಕೋರುತ್ತೇವೆ. ಶಿಶುಗಳ ಹಾಲಿನ ಪುಡಿಯಲ್ಲಿ ಕಿಲೋವೊಂದಕ್ಕೆ 1 ಮಿಲಿಗ್ರಾಂಗಿಂತ ಹೆಚ್ಚು ಮೆಲಮೈನ್ ಇರಕೂಡದೆಂಬುದು 2010ರ ಅಂತರರಾಷ್ಟ್ರೀಯ ಮಿತಿ; ಹೊಸ ಫಲಕಗಳು ನಂಬಿಕೆಗೆ ಅರ್ಹವಾಗಬೇಕಾದರೆ ಅಷ್ಟು ಅಲ್ಪವನ್ನು ಪ್ರತಿಸಲವೂ ತಪ್ಪದೆ ಹಿಡಿಯಬೇಕು.