ಸ್ಪ್ರಿಂಗಿಗೆ ಯಾವ ಲೇಪ?

ಗುಂಡ್ಲುಪೇಟೆಯಿಂದ ವಯನಾಡಿಗೆ ಹೋಗುವಾಗ ನಾವು ಮದ್ದೂರಿನ ತನಿಖಾಠಾಣೆಯನ್ನು ದಾಟಿ ಬಂಡೀಪುರದ ಕಾಡನ್ನು ಹೊಗುತ್ತೇವೆ. ಇಂತಹ ಕಾಡುಹಾದಿಗಳಲ್ಲಿ ಓಡುವ ಜೀಪಿನ ಸ್ಪ್ರಿಂಗುಗಳಿಗೆ ಕೆಸರೂ ಕಲ್ಲೂ ಶತ್ರುಗಳು. ಅವುಗಳಿಗೆ ಯಾವ ಲೇಪ ಯೋಗ್ಯ?

ಸುರುಳಿ ಸ್ಪ್ರಿಂಗನ್ನು ಅದುಮಿದಾಗ ಅದರ ಸರಳು ತಿರುಚಿಕೊಳ್ಳುತ್ತದೆ. ಆಗ ಪೀಡನವು ಮೇಲ್ಮೈಯಲ್ಲಿಯೇ ಅತ್ಯಧಿಕ. ಆದುದರಿಂದ ತುಕ್ಕು ಕೊರೆದ ಸಣ್ಣ ಗುಳಿಯೂ ಬಿರುಕಿಗೆ ಬೀಜವಾಗಿ, ಮುಂದೊಮ್ಮೆ ಸ್ಪ್ರಿಂಗು ಥಟ್ಟನೆ ಮುರಿಯಬಹುದು.

ಹೊಳೆಯುವ ಸತುವಿನ ವಿದ್ಯುಲ್ಲೇಪ ನಮ್ಮನ್ನು ಮರುಳುಗೊಳಿಸುತ್ತದೆ. ಆದರೆ ಲೇಪಿಸುವಾಗ ಹುಟ್ಟುವ ಜಲಜನಕವು ಗಡಸು ಉಕ್ಕಿನೊಳಗೆ ನುಸುಳಿ ಅದನ್ನು ಪೆಡಸಾಗಿಸುತ್ತದೆ. ಕೂಡಲೇ ಸುಮಾರು 200 ಡಿಗ್ರಿ ಸೆಂಟಿಗ್ರೇಡಿನಲ್ಲಿ ಗಂಟೆಗಟ್ಟಲೆ ಕಾಯಿಸಿ ಅದನ್ನು ಹೊರದೂಡಬೇಕು.

ಫಾಸ್ಫೇಟ್ ಪದರದ ಮೇಲೆ ಕಾಯಿಸಿ ಕೂಡಿಸಿದ ಎಪಾಕ್ಸಿ ಪುಡಿಲೇಪದಲ್ಲಿ ಈ ಭಯ ಬಹಳ ಕಡಿಮೆ. ಕಲ್ಲು ತಾಗಿ ಅದು ಸುಲಿದರೆ ಮಾತ್ರ ತೇವ ಒಳಸೇರೀತು. ಮಳೆಗಾಲ ಕಳೆದೊಡನೆ ಸ್ಪ್ರಿಂಗನ್ನು ತೊಳೆದು ನೋಡೋಣ. ಸುಲಿದೆಡೆಗೆ ಮರಳಿ ಬಣ್ಣ ಬಳಿಯೋಣ.