ತಂತಿಯಲ್ಲಿ ಬಂದ ರೇಡಿಯೋ

ಆಂಟೆನಾ ಇಲ್ಲದ ರೇಡಿಯೋ ಸ್ಟೇಷನ್ ಕೇಳಿದ್ದೀರಾ? ಕೋಲಾರ ಜಿಲ್ಲೆ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಅಂಥದ್ದೊಂದಿತ್ತು. ಹೈದರಾಲಿ ಹುಟ್ಟಿದ ಊರು ಅಂತ ಓದಿರ್ತೀರಿ, ಅದೇ ಬೂದಿಕೋಟೆ. 2000ದ ದಶಕದ ಆರಂಭದಲ್ಲಿ ಯುನೆಸ್ಕೋ ನೆರವಿನಿಂದ ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು ಅಲ್ಲಿ ‘ನಮ್ಮ ಧ್ವನಿ’ ಶುರು ಮಾಡಿದವು. ಸ್ಟುಡಿಯೋ ಇತ್ತು, ಮೈಕ್ ಇತ್ತು, ಮಾತಾಡೋಕೆ ಸ್ವಸಹಾಯ ಸಂಘದ ಹೆಂಗಸರಿದ್ದರು. ಇಲ್ಲದ್ದು ಲೈಸೆನ್ಸ್ ಒಂದೇ.

ಸಣ್ಣ ಎಫ್‌ಎಂ ಟ್ರಾನ್ಸ್‌ಮಿಟರ್ ಕಟ್ಟೋದೇನು ಕಷ್ಟವಲ್ಲ, ನಮ್ಮ ಇಸಿ ಬ್ರಾಂಚಿನವರನ್ನ ಕೇಳಿ. ಆದರೆ 1885ರ ಟೆಲಿಗ್ರಾಫ್ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡೋ ಹಾಗಿರಲಿಲ್ಲ. ತಮಾಷೆ ಅಂದ್ರೆ, ರೇಡಿಯೋ ಅಲೆಗಳು ಸಾರ್ವಜನಿಕ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು, ಅದೂ ಕ್ರಿಕೆಟ್ ಪ್ರಸಾರದ ಜಗಳವೊಂದರಲ್ಲಿ!

ಗಾಳಿ ಸಿಗದಿದ್ದಾಗ ಬೂದಿಕೋಟೆಯವರು ಕೇಬಲ್ ಟಿವಿ ತಂತಿ ಹಿಡಿದರು. ಕಾರ್ಯಕ್ರಮದ ಧ್ವನಿ ಅದೇ ವೈರಿನಲ್ಲಿ ಮನೆಮನೆಗೆ ಹೋಯಿತು. ಉಪಾಯ ಸೊಗಸಾಗಿದೆ, ಆದರೆ ತಂತಿ ಇಲ್ಲದ ಮನೆಗೆ ಮಾತೂ ಇಲ್ಲ. ರೇಡಿಯೋ ಕಂಕುಳಲ್ಲಿಟ್ಟುಕೊಂಡು ಹೊಲಕ್ಕೆ ಹೋಗೋ ಸುಖವೂ ಇಲ್ಲ.

2002ರ ಕೊನೆಗೆ ಸರ್ಕಾರ ಬಾಗಿಲು ತೆರೆದದ್ದು ಶಿಕ್ಷಣ ಸಂಸ್ಥೆಗಳಿಗೆ ಮಾತ್ರ. 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯ ‘ಅಣ್ಣಾ ಎಫ್‌ಎಂ’ ಶುರು ಮಾಡಿತು. ಕ್ಯಾಂಪಸ್ಸಿಗೆ ಸಿಕ್ಕ ಅಲೆ ಹಳ್ಳಿ ಹೆಂಗಸರಿಗೆ ಸಿಗೋಕೆ 2006ರ ನವೆಂಬರಿನ ನೀತಿ ಬರಬೇಕಾಯಿತು. ಆಗಲೂ ಟ್ರಾನ್ಸ್‌ಮಿಟರಿನ ಪ್ರಸಾರ ಶಕ್ತಿ (ಇಆರ್‌ಪಿ) ಸಾಮಾನ್ಯವಾಗಿ 100 ವ್ಯಾಟ್ ದಾಟೋ ಹಾಗಿಲ್ಲ, ಆಂಟೆನಾ 30 ಮೀಟರಿಗಿಂತ ಎತ್ತರ ಇರೋ ಹಾಗಿಲ್ಲ. ತಮ್ಮೂರಿನ ಸುದ್ದಿಯನ್ನ ತಾವೇ ಓದೋದಕ್ಕಂತೂ ಬಿಡಲೇ ಇಲ್ಲ.