ಸುಳ್ಳು ಜ್ವರದ ಬಿಲ್ ಯಾರು ಕಟ್ಟುತ್ತಾರೆ?

ಹೈಸ್ಕೂಲಿನಲ್ಲಿ ನಾವೆಲ್ಲ ರಜಾ ಅರ್ಜಿ ಬರೆಯುವುದನ್ನು ಕಲಿತಿದ್ದೇವೆ. ಮಾದರಿ ಅರ್ಜಿಯಲ್ಲಿ ಕಾರಣ ಹೆಚ್ಚಾಗಿ ಒಂದೇ ಇರುತ್ತಿತ್ತು, ಅದು ಜ್ವರ. "ರೇಷನ್ ಕಾರ್ಡ್ ತಿದ್ದುಪಡಿಗೆ ಅಮ್ಮಿಯ ಜೊತೆ ಹೋಗಬೇಕಾಗಿದೆ" ಎಂದೋ "ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳುವವರು ಯಾರೂ ಇಲ್ಲ" ಎಂದೋ ಬರೆದ ಮಾದರಿ ಅರ್ಜಿಯನ್ನು ನಾನಂತೂ ನೋಡಿಲ್ಲ. ಈ ಪಾಠ ಕೆಲಸಕ್ಕೆ ಸೇರಿದ ಮೇಲೂ ಬಿಡುವುದಿಲ್ಲ. ಕಾಯಿಲೆ ಇಲ್ಲದಿದ್ದರೂ ಬೆಳಿಗ್ಗೆ ಫೋನ್ ಮಾಡಿ "ಹುಷಾರಿಲ್ಲ ಸಾರ್" ಎನ್ನುವವರು ಎಲ್ಲ ಕಡೆ ಇದ್ದಾರೆ. ನಮ್ಮ ಉರ್ದು ಮನೆಗಳಲ್ಲಿ ಅದೇ ಮಾತು "ತಬಿಯತ್ ಠೀಕ್ ನೈ" ಆಗುತ್ತದೆ, ಅಷ್ಟೇ ವ್ಯತ್ಯಾಸ.

ಸುಳ್ಳು ಹೇಳುವುದು ತಪ್ಪು ಎಂದು ತಿಳಿಸಲು ಒಂದು ಲೇಖನ ಬೇಕಿಲ್ಲ. ಅದು ಎಲ್ಲರಿಗೂ ಗೊತ್ತು. ಕಾಮರ್ಸ್ ವಿದ್ಯಾರ್ಥಿಯಾಗಿ ನನಗಿರುವುದು ಬೇರೆ ಪ್ರಶ್ನೆ. ಈ ಸುಳ್ಳು ಜ್ವರಕ್ಕೂ ಒಂದು ಖರ್ಚು ಇದೆ. ಆ ಖರ್ಚು ಯಾರ ಖಾತೆಗೆ ಬೀಳುತ್ತದೆ? ಮಾಲೀಕರಿಗೆ ಎಂದು ನಾವು ಅಂದುಕೊಳ್ಳುತ್ತೇವೆ. ಲೆಕ್ಕ ಹಾಕಿದರೆ ಬೇರೆ ಹೆಸರು ಸಿಗುತ್ತದೆ.

ಮೊದಲು, ಜನ ಯಾಕೆ ಹೀಗೆ ರಜೆ ಹಾಕುತ್ತಾರೆ ಎಂದು ನೋಡೋಣ. ಸೋಮಾರಿತನದಿಂದ ಹಾಕುವವರು ಇದ್ದಾರೆ, ಇಲ್ಲ ಎನ್ನುವುದಿಲ್ಲ. ಆದರೆ ನಮ್ಮ ಬೀದಿಯಲ್ಲಿ ನಾನು ಕಂಡಿರುವ ಕಾರಣಗಳಲ್ಲಿ ಹೆಚ್ಚಿನವು ನ್ಯಾಯವಾದವೇ. ಮಗುವಿಗೆ ಜ್ವರ, ಆದರೆ ಅಂಗಡಿಯಲ್ಲಿ ಮಗುವಿನ ಜ್ವರಕ್ಕೆ ರಜೆ ಇಲ್ಲ, ಆದ್ದರಿಂದ ತಾಯಿ ತನಗೇ ಜ್ವರ ಎನ್ನುತ್ತಾಳೆ. ಸರ್ಕಾರಿ ಕಚೇರಿಯ ಕೆಲಸ ಇದೆ, ಆದರೆ ಭಾನುವಾರ ಕಚೇರಿ ತೆರೆಯುವುದಿಲ್ಲ. ಇನ್ನು ಈದ್ ಇದೆ. ಕ್ಯಾಲೆಂಡರಿನಲ್ಲಿ ರಜೆ ಒಂದು ದಿನ ಅಚ್ಚಾಗಿರುತ್ತದೆ, ಚಂದ್ರ ಕಾಣುವುದು ಹಿಂದಿನ ಸಂಜೆ. ಈದ್ ಒಂದು ದಿನ ಆಚೆ ಹೋದರೆ ಸರ್ಕಾರಿ ರಜೆ ಬದಲಾಗಬಹುದು, ಖಾಸಗಿ ಕಂಪನಿಯ ರಜಾಪಟ್ಟಿ ಬದಲಾಗುತ್ತದೆ ಎನ್ನುವ ಭರವಸೆ ಇಲ್ಲ. ಆಗ ಹಬ್ಬದ ದಿನವೇ ಎಷ್ಟೋ ಜನರಿಗೆ "ಜ್ವರ" ಬರುತ್ತದೆ.

ಅಂದರೆ ಕಾರಣ ನಿಜ, ಅದರ ಮೇಲಿನ ಲೇಬಲ್ ಮಾತ್ರ ಸುಳ್ಳು. ಮೇಲಿನವರು ಒಪ್ಪುವ ಪದ ಒಂದೇ ಇದ್ದಾಗ ಎಲ್ಲರೂ ಅದೇ ಪದವನ್ನು ಬಳಸುತ್ತಾರೆ.

ಈ ವಿಷಯದಲ್ಲಿ ನನಗೆ ಆಶ್ಚರ್ಯವಾದದ್ದು ಕಾನೂನು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 15ನೇ ಕಲಮಿನಲ್ಲಿ ವರ್ಷಕ್ಕೆ 12 ದಿನಗಳವರೆಗೆ ಸಂಬಳ ಸಹಿತ ರಜೆ ಇದೆ. ಇದನ್ನು ಎಲ್ಲರೂ ಸಿಕ್ ಲೀವ್ ಎಂದೇ ಕರೆಯುತ್ತಾರೆ. ಆದರೆ ಕಾಯ್ದೆ ಕಾಯಿಲೆ ಮತ್ತು ಅಪಘಾತವನ್ನು ಹೇಳಿ ಅಲ್ಲಿಗೇ ನಿಲ್ಲಿಸಿಲ್ಲ. ಬೇರೆ ಯಾವುದೇ ಸಮಂಜಸ ಕಾರಣಕ್ಕೂ ಈ ರಜೆ ಪಡೆಯಬಹುದು ಎಂದು ಸೇರಿಸಿದೆ. ಇದಲ್ಲದೆ ದುಡಿದ ಪ್ರತಿ 20 ದಿನಕ್ಕೆ ಒಂದು ದಿನದಂತೆ ಗಳಿಕೆ ರಜೆಯೂ ಬೇರೆ ಇದೆ. ಮಗುವಿನ ಜ್ವರ ಸಮಂಜಸ ಕಾರಣ ಅಲ್ಲವೇ? ಹತ್ತಿರದವರ ಜನಾಜ ಅಲ್ಲವೇ? ಅಂಗಡಿ, ಆಫೀಸುಗಳಲ್ಲಿ ಕೆಲಸ ಮಾಡುವವರು ಈ ಮಾತನ್ನು ತಿಳಿದುಕೊಂಡಿದ್ದರೆ ಅರ್ಧ ಸುಳ್ಳು ಜ್ವರಗಳು ಇಳಿದುಬಿಡುತ್ತವೆ ಎಂದು ನನಗೆ ಅನಿಸುತ್ತದೆ. ತಿಳಿದವರೂ ಕೇಳಲು ಹೆದರುತ್ತಾರೆ ಎನ್ನುವುದು ನಿಜ. ನಾಲ್ಕು ಜನ ಕೆಲಸ ಮಾಡುವ ಬಟ್ಟೆ ಅಂಗಡಿಯಲ್ಲಿ ಸೇಟ್ ಮುಂದೆ ನಿಂತು 15ನೇ ಕಲಮು ಎನ್ನುವುದು ಸುಲಭವಲ್ಲ.

ಈಗ ಕಾರ್ಖಾನೆಗಳ ಕಡೆ ಬರೋಣ. ನಮ್ಮಲ್ಲಿ ಅನೇಕರ ಮನೆಯಿಂದ ಯಾರಾದರೂ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ಅವರ ಸಂಬಳದ ಚೀಟಿಯಲ್ಲಿ ಇಎಸ್‌ಐ ಎಂದು ಒಂದು ಕಡಿತ ಇರುತ್ತದೆ. ಇದು 1948ರ ಕಾಯ್ದೆಯಿಂದ ಬಂದ ಕಾರ್ಮಿಕರ ವಿಮೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇದರೊಳಗೆ ಬರುತ್ತಾರೆ. ಕಾರ್ಮಿಕರಿಂದ ಸಂಬಳದ ಶೇಕಡಾ 0.75, ಮಾಲೀಕರಿಂದ ಶೇಕಡಾ 3.25 ಕಟ್ಟಲಾಗುತ್ತದೆ. 16,000 ರೂಪಾಯಿ ಸಂಬಳವಾದರೆ ಕಾರ್ಮಿಕರಿಂದ 120, ಮಾಲೀಕರಿಂದ 520, ಒಟ್ಟು 640 ರೂಪಾಯಿ. ಕಾಯಿಲೆ ಬಿದ್ದು ಡಾಕ್ಟರ್ ಸರ್ಟಿಫಿಕೇಟ್ ಕೊಟ್ಟರೆ ದಿನದ ಸರಾಸರಿ ಸಂಬಳದ ಶೇಕಡಾ 70ರಷ್ಟು ಹಣ, ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ.

ಆದರೆ ಒಂದು ಷರತ್ತಿದೆ. ಕಾಯಿಲೆಯ ಮೊದಲ ಎರಡು ದಿನಕ್ಕೆ ಹಣ ಇಲ್ಲ. ಹಿಂದಿನ ಕಾಯಿಲೆ ಮುಗಿದು 15 ದಿನದೊಳಗೆ ಮತ್ತೆ ಬಿದ್ದರೆ ಮಾತ್ರ ಈ ಷರತ್ತು ಬಿಡುತ್ತದೆ. ಯಾಕೆ ಹೀಗೆ? ಒಂದೆರಡು ದಿನದ ಕಾಯಿಲೆ ನಿಜವೋ ಸುಳ್ಳೋ ಎಂದು ಯಾರಿಗೂ ಹೇಳಲು ಆಗುವುದಿಲ್ಲ. ಅದಕ್ಕೆಲ್ಲ ಹಣ ಕೊಟ್ಟರೆ ನಿಧಿ ಸೋರಿಹೋಗುತ್ತದೆ. ಹಾಗಾಗಿ ಆ ಎರಡು ದಿನಗಳನ್ನು ಎಲ್ಲರಿಗೂ ಹೊರಗಿಡಲಾಗುತ್ತದೆ. ವಿಮೆ ಮಾಡಿಸಿಕೊಂಡವರು ಅಜಾಗರೂಕರಾಗುವ ಅಪಾಯಕ್ಕೆ ಅರ್ಥಶಾಸ್ತ್ರದಲ್ಲಿ ಮಾರಲ್ ಹಜಾರ್ಡ್ ಎನ್ನುತ್ತಾರೆ. ಅದನ್ನು ತಡೆಯುವ ಬೇಲಿ ಇದು. ಬೇಲಿಗೆ ಕಳ್ಳ ಯಾರು, ಯಜಮಾನ ಯಾರು ಎಂದು ಗೊತ್ತಾಗುವುದಿಲ್ಲ.

ಇದು ನಮ್ಮ ಮನೆಯಲ್ಲೇ ನಡೆದ ಲೆಕ್ಕ. ನನ್ನ ಆಪಾ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಹೋದ ಮಳೆಗಾಲದಲ್ಲಿ ಅವಳಿಗೆ ಡೆಂಗಿ ಬಂತು. ಆರು ದಿನ ಕೆಲಸಕ್ಕೆ ಹೋಗಲಿಲ್ಲ. ದಿನಕ್ಕೆ 500 ರೂಪಾಯಿ ಎಂದು ಇಟ್ಟುಕೊಂಡರೆ ಆರು ದಿನದ ಸಂಬಳ 3,000. ಮೊದಲ ಎರಡು ದಿನ ಬಿಟ್ಟು ಉಳಿದ ನಾಲ್ಕು ದಿನಕ್ಕೆ 350ರಂತೆ ಸಿಗುವುದು 1,400. ನಷ್ಟ 1,600 ರೂಪಾಯಿ. ಆ ತಿಂಗಳ ಹಾಜರಾತಿ ಬೋನಸ್ ಕೂಡ ಹೋಯಿತು. ಅಮ್ಮಿ ಚೀಟಿ ಹಣ ಕಟ್ಟಲು ಪಕ್ಕದ ಮನೆಯಲ್ಲಿ ಸಾಲ ಕೇಳಿದರು.

ಹಣಕ್ಕಿಂತ ಹೆಚ್ಚು ನೋವಾದದ್ದು ಇನ್ನೊಂದು. ಏಳನೇ ದಿನ ಆಪಾ ಲೈನಿಗೆ ಹೋದಾಗ ಸೂಪರ್‌ವೈಸರ್ ಎಲ್ಲರ ಎದುರು ಕೇಳಿದರು: "ಏನಮ್ಮಾ, ಯಾರ ಮದುವೆ ಊಟ ಮುಗಿಸ್ಕೊಂಡು ಬಂದೆ?" ಅದೇ ತಿಂಗಳು ಅದೇ ಲೈನಿನ ಇಬ್ಬರು ಜ್ವರ ಎಂದು ಹೇಳಿ ರಜೆ ಹಾಕಿದ್ದರು, ಮಾರನೆಯ ದಿನ ಅವರ ಮದುವೆ ಮನೆಯ ಫೋಟೋ ವಾಟ್ಸಾಪ್ ಸ್ಟೇಟಸ್‌ನಲ್ಲಿ ಕಾಣಿಸಿತ್ತು. ಆಪಾ ಬ್ಯಾಗಿನಿಂದ ರಕ್ತಪರೀಕ್ಷೆಯ ರಿಪೋರ್ಟ್ ತೆಗೆದು ತೋರಿಸಬೇಕಾಯಿತು. ಮುಂದಿನ ಸಲ ಜ್ವರ ಬಂದಾಗ ಅವಳು ಮಾತ್ರೆ ನುಂಗಿ ಕೆಲಸಕ್ಕೇ ಹೋದಳು. ಮಧ್ಯಾಹ್ನ ಮೆಷಿನ್ ಮುಂದೆ ತಲೆ ಸುತ್ತಿ ಕುಳಿತುಬಿಟ್ಟಳು.

"ಹುಲಿ ಬಂತು ಹುಲಿ" ಕಥೆ ನಮಗೆಲ್ಲ ಗೊತ್ತು. ಆ ಕಥೆಯಲ್ಲಿ ಸುಳ್ಳು ಹೇಳಿದ ಹುಡುಗನೇ ನಷ್ಟಕ್ಕೆ ಸಿಕ್ಕುತ್ತಾನೆ. ಕೆಲಸದ ಜಾಗದಲ್ಲಿ ಹಾಗಲ್ಲ. ಕೂಗಿದವರು ಒಬ್ಬರು, ಹುಲಿ ಬರುವುದು ಇನ್ನೊಬ್ಬರ ಹತ್ತಿರ.

ಇದನ್ನು ವಿವರಿಸುವ ಒಂದು ಪ್ರಸಿದ್ಧ ವಾದ ಅರ್ಥಶಾಸ್ತ್ರದಲ್ಲಿದೆ. ಅಮೆರಿಕದ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಸೆಕೆಂಡ್ ಹ್ಯಾಂಡ್ ಕಾರುಗಳ ಮಾರುಕಟ್ಟೆ ಬಗ್ಗೆ ಒಂದು ಲೇಖನ ಬರೆದರು. 2001ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರ ವಾದವನ್ನು ನಮ್ಮ ಬೈಕ್ ಸಂತೆಗೆ ಹೊಂದಿಸಿ ಹೇಳುತ್ತೇನೆ. ಬೈಕ್ ಚೆನ್ನಾಗಿದೆಯೋ ಇಲ್ಲವೋ ಮಾರುವವರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವರು ಎಲ್ಲ ಬೈಕಿಗೂ ಅನುಮಾನದ ಬೆಲೆ ಹೇಳುತ್ತಾರೆ. ಕೆಟ್ಟ ಬೈಕಿನವರಿಗೆ ಆ ಬೆಲೆಯೂ ಲಾಭವೇ. ನಷ್ಟ ಆಗುವುದು ಒಳ್ಳೆಯ ಬೈಕ್ ಇಟ್ಟುಕೊಂಡವರಿಗೆ. ಕಾಯಿಲೆಯೂ ಹಾಗೆಯೇ. ಮೈಯ ನೋವು ನನಗೆ ಗೊತ್ತು, ಸೂಪರ್‌ವೈಸರ್‌ಗೆ ಗೊತ್ತಿಲ್ಲ. ಸುಳ್ಳು ಜ್ವರಗಳು ಹೆಚ್ಚಾದಂತೆ ಎಲ್ಲ ಜ್ವರಕ್ಕೂ ಅನುಮಾನದ ಬೆಲೆ ಬೀಳುತ್ತದೆ. ಅದನ್ನು ಕಟ್ಟುವವರು ನಿಜವಾಗಿ ಮಲಗಿದವರು.

ಕಂಪನಿಯ ಲೆಕ್ಕಪುಸ್ತಕವೂ ಇವೆರಡನ್ನು ಬೇರೆ ಮಾಡುವುದಿಲ್ಲ. ಗೈರುಹಾಜರಿ ದರ ತೆಗೆಯುವುದು ಹೀಗೆ: ಗೈರಾದ ಮಾನವ ದಿನಗಳನ್ನು ಒಟ್ಟು ಮಾನವ ದಿನಗಳಿಂದ ಭಾಗಿಸಿ ನೂರರಿಂದ ಗುಣಿಸಬೇಕು. 50 ಜನ ತಿಂಗಳಿಗೆ 26 ದಿನ ದುಡಿಯಬೇಕಾದರೆ 1,300 ದಿನ. ಅದರಲ್ಲಿ 65 ದಿನ ಗೈರಾದರೆ ದರ ಶೇಕಡಾ 5. ಈ ಐದರಲ್ಲಿ ಡೆಂಗಿ ಎಷ್ಟು, ಮದುವೆ ಎಷ್ಟು ಎಂದು ಸೂತ್ರ ಹೇಳುವುದಿಲ್ಲ. ದರ ಏರಿದರೆ ನಿಯಮ ಬಿಗಿಯಾಗುತ್ತದೆ, ಬಿಗಿಯಾದ ನಿಯಮ ಎಲ್ಲರಿಗೂ ಅನ್ವಯಿಸುತ್ತದೆ.

ಒಂದು ದಿನಕ್ಕೂ ಸರ್ಟಿಫಿಕೇಟ್ ಕೇಳಿದರೆ ಸರಿಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಆಗ ಸರ್ಟಿಫಿಕೇಟೇ ಮಾರಾಟದ ವಸ್ತು ಆಗುವ ಅಪಾಯವಿದೆ. ಸುಳ್ಳು ಸರ್ಟಿಫಿಕೇಟಿಗೆ ಸಹಿ ಹಾಕುವ ವೈದ್ಯರ ಹೆಸರನ್ನು ನೋಂದಣಿ ಪುಸ್ತಕದಿಂದಲೇ ತೆಗೆಯಬಹುದು ಎಂದು ವೈದ್ಯರ ನಡವಳಿಕೆಯ 2002ರ ನಿಯಮಗಳಲ್ಲಿ ಇದೆ. ನಿಜವಾಗಿ ಜ್ವರ ಇರುವವರಿಗೆ ಇನ್ನೊಂದು ಕಷ್ಟ. ಮನೆಯಲ್ಲಿ ಮಲಗುವ ಬದಲು ಕ್ಲಿನಿಕ್ಕಿನ ಸಾಲಿನಲ್ಲಿ ಕೂರಬೇಕು, ಫೀಸೂ ಕೊಡಬೇಕು. ಬ್ರಿಟನ್ನಿನಲ್ಲಿ ಏಳು ದಿನಗಳವರೆಗಿನ ಕಾಯಿಲೆಗೆ ಕೆಲಸಗಾರರ ಸ್ವಂತ ಹೇಳಿಕೆ ಸಾಕು. ಜರ್ಮನಿಯ ಕಾನೂನಿನಲ್ಲಿ ಕಾಯಿಲೆ ಮೂರು ದಿನ ದಾಟಿದರೆ ಸರ್ಟಿಫಿಕೇಟ್ ಕೊಡಬೇಕು, ಮಾಲೀಕರು ಬೇಕೆಂದರೆ ಮೊದಲೇ ಕೇಳಬಹುದು. ಮೊದಲ ಕೆಲವು ದಿನ ಮಾತನ್ನು ನಂಬುವ ಪದ್ಧತಿಯೂ ಲೋಕದಲ್ಲಿ ನಡೆಯುತ್ತಿದೆ ಎನ್ನುವುದಕ್ಕೆ ಇವನ್ನು ಹೇಳಿದೆ.

ಇನ್ನೊಂದು ಬಗೆಯ ರಜೆಯೂ ಇದೆ, ಎಲ್ಲರೂ ಸೇರಿ ಒಟ್ಟಿಗೆ ಹಾಕುವುದು. 2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಕ್ಯಾಬಿನ್ ಸಿಬ್ಬಂದಿ ದೊಡ್ಡ ಸಂಖ್ಯೆಯಲ್ಲಿ ಒಮ್ಮೆಗೇ ಹುಷಾರಿಲ್ಲ ಎಂದು ತಿಳಿಸಿದರು. ಅವರಿಗೆ ಆಡಳಿತದ ಮೇಲೆ ದೂರುಗಳಿದ್ದವು. 80ಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಕಂಪನಿ 25 ಮಂದಿಯನ್ನು ಕೆಲಸದಿಂದ ತೆಗೆಯಿತು. ಕಾರ್ಮಿಕ ಇಲಾಖೆಯ ಮಧ್ಯಸ್ಥಿಕೆಯಲ್ಲಿ ಮಾತುಕತೆ ಆದ ಮೇಲೆ ಅವರನ್ನು ವಾಪಸ್ ತೆಗೆದುಕೊಂಡಿತು. ಮುಷ್ಕರಕ್ಕೆ ಮೊದಲೇ ನೋಟಿಸ್ ಕೊಡಬೇಕು, ಕಾಯಿಲೆಗೆ ಬೇಡ. ಆದರೆ ಮಂಗಳೂರಿನಿಂದ ಗಲ್ಫ್‌ಗೆ ಹೋಗುವವರಿಗೆ ಈ ವಿಮಾನಗಳು ಎಷ್ಟು ಮುಖ್ಯ ಎಂದು ನಮ್ಮ ಓದುಗರಿಗೆ ಹೇಳಬೇಕಿಲ್ಲ. ವಿಮಾನ ರದ್ದಾದರೆ ವೀಸಾ ಮುಗಿಯುವ ಭಯ ಇರುವುದು ಟಿಕೆಟ್ ತೆಗೆದುಕೊಂಡು ನಿಂತವರಿಗೆ. ಇಲ್ಲಿಯೂ ಬಿಲ್ ಮೂರನೆಯವರಿಗೆ ಹೋಯಿತು.

ಹಾಗಾದರೆ ಏನು ಮಾಡಬೇಕು? ನನಗೆ ಒಂದು ಮಾದರಿ ನಮ್ಮ ರಂಜಾನಿನಲ್ಲೇ ಕಾಣುತ್ತದೆ. ಕಾಯಿಲೆಯವರಿಗೆ ರೋಜಾದಿಂದ ವಿನಾಯಿತಿ ಇದೆ, ಪ್ರಯಾಣದಲ್ಲಿರುವವರಿಗೂ ಇದೆ. ಅಂದರೆ ಒಪ್ಪುವ ಕಾರಣ ಒಂದೇ ಅಲ್ಲ. ಬೆಳಿಗ್ಗೆ ಯಾರೂ ಮನೆಗೆ ಬಂದು ಸರ್ಟಿಫಿಕೇಟ್ ಕೇಳುವುದಿಲ್ಲ, ಅದು ಅವರಿಗೂ ಅಲ್ಲಾಹನಿಗೂ ಇರುವ ಲೆಕ್ಕ. ಚೇತರಿಸಿಕೊಂಡ ಮೇಲೆ ಬಿಟ್ಟ ದಿನವನ್ನು ಖಜಾ ರೋಜಾ ಹಿಡಿದು ತೀರಿಸಬೇಕು. ಹಲವು ಕಾರಣಗಳಿಗೆ ಜಾಗ, ಮಾತಿನ ಮೇಲೆ ನಂಬಿಕೆ, ಬಾಕಿ ತೀರಿಸುವ ಜವಾಬ್ದಾರಿ. ಈ ಮೂರೂ ಇರುವ ಕಡೆ ಸುಳ್ಳು ಹೇಳುವ ಅಗತ್ಯ ಕಡಿಮೆ.

ಅಂಗಡಿ, ಕಾರ್ಖಾನೆಯಲ್ಲೂ ಇದನ್ನು ಮಾಡಬಹುದು. ನಮ್ಮ ಅಬ್ಬಾ ಕೆಲಸ ಮಾಡುವ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ರಜೆ ಬೇಕಾದವರು ಹಿಂದಿನ ರಾತ್ರಿ ಒಂಬತ್ತರೊಳಗೆ ಹೇಳಬೇಕು. ಕಾರಣ ಹೇಳಿದರೂ ಆಯಿತು, "ಮನೆ ಕೆಲಸ" ಎಂದರೂ ಆಯಿತು. ಬದಲಿಗೆ ಇನ್ನೊಬ್ಬರ ವಾರದ ರಜೆಯ ದಿನ ಅವರು ಬಂದು ದುಡಿಯುತ್ತಾರೆ. ಅಲ್ಲಿ ಬೆಳಿಗ್ಗೆ ಯಾರಾದರೂ ಫೋನ್ ಮಾಡಿ ಜ್ವರ ಎಂದರೆ ಸೇಟ್ ಕೇಳುವ ಮೊದಲ ಮಾತು, "ಡಾಕ್ಟರ್ ಹತ್ರ ಹೋದ್ರಾ?" ಅದರಲ್ಲಿ ಅನುಮಾನ ಇಲ್ಲ.

ನಮ್ಮಲ್ಲಿ ಹಲವರು ಪಿಯುಸಿ ಮುಗಿದ ಕೂಡಲೇ ಕೆಲಸಕ್ಕೆ ಸೇರುತ್ತೇವೆ. ಕೆಲವರು ಈಗಲೇ ಸಂಜೆ ಅಂಗಡಿಗಳಲ್ಲಿ ದುಡಿಯುತ್ತಿದ್ದಾರೆ. ಸೇರುವ ದಿನವೇ ಎರಡು ವಿಷಯ ಕೇಳಿಕೊಳ್ಳಿ: ಇಲ್ಲಿ ವರ್ಷಕ್ಕೆ ಎಷ್ಟು ರಜೆ, ಇಎಸ್‌ಐ ಇದೆಯೇ. ಕಾಯಿಲೆ ಇಲ್ಲದ ದಿನ ರಜೆ ಬೇಕಾದರೆ ಜ್ವರ ಎನ್ನುವ ಬದಲು, "ನಾಳೆ ಮನೆಯಲ್ಲಿ ಅಗತ್ಯದ ಕೆಲಸ ಇದೆ ಸಾರ್, ಒಂದು ದಿನ ರಜೆ ಬೇಕು, ಭಾನುವಾರ ಬಂದು ಮಾಡಿಕೊಡ್ತೀನಿ" ಎಂದು ಕೇಳಿ ನೋಡಿ. ಕೆಲವರು ಬೈಯಬಹುದು, ಕೆಲವರು ಸಂಬಳ ಹಿಡಿಯಬಹುದು. ಹೀಗೆ ಕೇಳುವುದಕ್ಕೆ ಧೈರ್ಯ ಬೇಕು, ಒಪ್ಪುತ್ತೇನೆ.

ನಮ್ಮ ಉಪನ್ಯಾಸಕರಲ್ಲೂ ಒಂದು ವಿನಂತಿ. ಶೇಕಡಾ 75 ಹಾಜರಾತಿ ಬೇಕೇ ಬೇಕು, ಅದು ನಮಗೆ ಗೊತ್ತು. ಆದರೆ ಯಾರಾದರೂ ಬಂದು "ಸಾರ್, ನಿನ್ನೆ ಅಮ್ಮಿಯನ್ನು ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೆ" ಎಂದು ನಿಜ ಹೇಳಿದರೆ ಅವರನ್ನೂ ಜ್ವರದ ಚೀಟಿ ತಂದವರನ್ನು ನೋಡುವ ಹಾಗೆಯೇ ನೋಡಿ. ಆಗ ಜ್ವರದ ಚೀಟಿ ನಿಜವಾಗಿ ಜ್ವರ ಬಂದವರ ಕೈಯಲ್ಲಿ ಮಾತ್ರ ಉಳಿಯುತ್ತದೆ, ಅವರು ಬ್ಯಾಗಿನಿಂದ ರಿಪೋರ್ಟ್ ತೆಗೆದು ತೋರಿಸುವ ಪ್ರಸಂಗವೂ ಬರುವುದಿಲ್ಲ.